ನಿನ್ನೆಯಿಂದ ನಿಮ್ಮ ಕೈ ಏನೇನು ಮುಟ್ಟಿತು?

ನಾನು ಕೆಲಸ ಮಾಡಿದ ಆಸ್ಪತ್ರೆಯ ಚರ್ಮರೋಗ ವಿಭಾಗಕ್ಕೆ ಈಚೆಗೆ ಸೇರಿದ ನರ್ಸ್ ಹುಡುಗಿಯೊಬ್ಬಳು ಕಳೆದ ತಿಂಗಳು ನನ್ನ ನಂಬರು ಹುಡುಕಿ ಫೋನ್ ಮಾಡಿದ್ದಳು. "ಸಿಸ್ಟರ್, ನನ್ನನ್ನ ಪ್ಯಾಚ್ ಟೆಸ್ಟ್ ರೂಮಿಗೆ ಹಾಕಿದಾರೆ. ಅಲ್ಲಿ ಕಲಿಯೋಕೆ ಏನಿದೆ? ಅಂಟಿಸೋದು, ಕೀಳೋದು, ಅಷ್ಟೇ ಅಲ್ವಾ?" ಎಂದಳು. ದನಿಯಲ್ಲಿ ಬೇಸರವಿತ್ತು. ನನಗೆ ಸಿಟ್ಟು ಬರಲಿಲ್ಲ. ಆ ಕೋಣೆಗೆ ಮೊದಲ ಸಲ ಕಾಲಿಟ್ಟ ದಿನ ನಾನೂ ಇದನ್ನೇ ಅಂದುಕೊಂಡಿದ್ದೆ. ಫೋನಿನಲ್ಲಿ ಹೇಳಿ ಮುಗಿಯುವ ಮಾತಲ್ಲ ಇದು. ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಹೆಸರು ವಿಮಲಾ. ಹುಟ್ಟಿ ಬೆಳೆದದ್ದು ಚಾಮರಾಜಪೇಟೆ. ಅಪ್ಪ ಸುಲ್ತಾನ್‌ಪೇಟೆಯಲ್ಲಿ ಲಗ್ನಪತ್ರಿಕೆ ಅಚ್ಚು ಹಾಕುವ ಪ್ರೆಸ್ಸಿನಲ್ಲಿ ಕಾಗದ ಕತ್ತರಿಸುತ್ತಿದ್ದರು. ನರ್ಸಿಂಗ್ ಮುಗಿಸಿದಾಗ ನನಗಿದ್ದದ್ದು ಒಂದೇ ಆಸೆ: ಆಪರೇಷನ್ ಥಿಯೇಟರಿನಲ್ಲಿ ನಿಲ್ಲಬೇಕು. ಹಾಕಿದ್ದು ಚರ್ಮ ವಿಭಾಗಕ್ಕೆ. ಉಳಿದ ಸಿಸ್ಟರುಗಳು ಅದನ್ನು 'ತುರಿಕೆ ವಾರ್ಡು' ಎನ್ನುತ್ತಿದ್ದರು. ಊಟದ ಹೊತ್ತಿಗೆ ನನ್ನ ಪಕ್ಕ ಕೂರಲು ಕೆಲವರು ಹಿಂಜರಿಯುತ್ತಿದ್ದುದೂ ಉಂಟು.

ವಿಭಾಗದ ಮುಖ್ಯಸ್ಥರು ಶೇಷಗಿರಿ ಡಾಕ್ಟರು. ಸಣ್ಣ ಆಳು, ದಪ್ಪ ಕನ್ನಡಕ, ಮಾತು ಕಡಿಮೆ. ರೋಗಿ ಬಂದು ಕೂತರೆ ಮುಖ ನೋಡುವ ಮೊದಲು ಕೈ ನೋಡುತ್ತಿದ್ದರು. ಅಂಗೈ, ಬೆರಳ ಸಂದು, ಉಗುರಿನ ಬುಡ, ಎಲ್ಲವನ್ನೂ ನೋಡಿ ಒಂದೇ ಪ್ರಶ್ನೆ ಕೇಳುತ್ತಿದ್ದರು: "ನಿನ್ನೆ ಬೆಳಗ್ಗೆ ಎದ್ದಾಗಿನಿಂದ ನಿಮ್ಮ ಕೈ ಏನೇನು ಮುಟ್ಟಿತು, ಒಂದೂ ಬಿಡದೆ ಹೇಳಿ." ಜನ ತಬ್ಬಿಬ್ಬಾಗುತ್ತಿದ್ದರು. ಹಲ್ಲುಪುಡಿ, ಹಾಲಿನ ಪಾತ್ರೆ, ತುಳಸಿ, ತೆಂಗಿನ ನಾರು, ಮಾವಿನಕಾಯಿ ಎಂದು ಹೇಳುತ್ತಾ ಹೋದಂತೆ ನಾನು ಪಕ್ಕದಲ್ಲಿ ನಿಂತು ಬರೆದುಕೊಳ್ಳಬೇಕು. ಒಬ್ಬ ಗೃಹಿಣಿಯ ಒಂದು ದಿನವನ್ನು ಬರೆಯಲು ಎರಡು ಹಾಳೆ ಬೇಕು ಎಂಬುದು ನನಗೆ ಗೊತ್ತಾದದ್ದು ಅಲ್ಲಿಯೇ.

ಅನುಮಾನ ಬಂದ ವಸ್ತುಗಳನ್ನು ತೆಳುವಾಗಿ ತಯಾರಿಸಿ, ಚೂರುಚೂರು ಬೆನ್ನಿಗೆ ಅಂಟಿಸಿ, ಎರಡು ದಿನ ಹಾಗೇ ಬಿಟ್ಟು ಕೀಳುವುದು ಪ್ಯಾಚ್ ಟೆಸ್ಟ್. ಕಿತ್ತ ದಿನ ಒಮ್ಮೆ, ಮತ್ತೆರಡು ದಿನ ಬಿಟ್ಟು ಇನ್ನೊಮ್ಮೆ ನೋಡಬೇಕು. ಯಾವುದು ಆ ಮೈಗೆ ಆಗುವುದಿಲ್ಲವೋ ಅದರ ಕೆಳಗೆ ಚರ್ಮ ಕೆಂಪಾಗಿ ಉಬ್ಬಿರುತ್ತದೆ. ಕೇಳಲು ಇಷ್ಟೇ.

ಈಗ ನನ್ನ ಮೊದಲ ತಪ್ಪನ್ನು ಹೇಳುತ್ತೇನೆ. ಸೇರಿ ಮೂರು ತಿಂಗಳಾಗಿತ್ತು. ಚಾಮರಾಜಪೇಟೆಯ ಒಂದು ಹಾಸ್ಟೆಲಿನಲ್ಲಿ ಅಡುಗೆ ಮಾಡುತ್ತಿದ್ದ ನಂಜಮ್ಮ ಎಂಬುವರು ಬಂದರು. ಎಡಗೈಯ ಹೆಬ್ಬೆರಳು ಮತ್ತು ಪಕ್ಕದ ಎರಡು ಬೆರಳುಗಳ ತುದಿ ಬಿರುಕು ಬಿಟ್ಟಿತ್ತು. ಬಲಗೈ ಚೆನ್ನಾಗಿಯೇ ಇತ್ತು. ಡಾಕ್ಟರು ಒಮ್ಮೆ ನೋಡಿ, "ಬೆಳ್ಳುಳ್ಳಿ ಯಾರು ಬಿಡಿಸ್ತಾರೆ?" ಎಂದರು.

"ನಾನೇ ಸಾಮಿ. ದಿನಾ ಒಂದು ಮೊರದ ತುಂಬ," ಎಂದರು ನಂಜಮ್ಮ. ಬಲಗೈಯಲ್ಲಿ ಚಾಕು, ಎಡಗೈಯ ಮೂರು ಬೆರಳಲ್ಲಿ ಬೆಳ್ಳುಳ್ಳಿ. ಲೆಕ್ಕ ಸರಿಯಾಗಿತ್ತು. ಡಾಕ್ಟರು ನನ್ನತ್ತ ತಿರುಗಿ, "ಬೆಳ್ಳುಳ್ಳಿ ಟೆಸ್ಟ್ ಹಾಕಿ ಸಿಸ್ಟರ್" ಎಂದು ಹೇಳಿ ಮೀಟಿಂಗಿಗೆ ಹೋದರು.

ಹೇಗೆ ಹಾಕಬೇಕೆಂದು ಕೇಳಲು ನನಗೆ ನಾಚಿಕೆ. ಎಷ್ಟು ತಾಜಾ ಇದ್ದರೆ ಅಷ್ಟು ಒಳ್ಳೆಯದೆಂದು ಭಾವಿಸಿ, ಕ್ಯಾಂಟೀನಿನಿಂದ ಬೆಳ್ಳುಳ್ಳಿ ತಂದು, ಎಸಳನ್ನು ಸೀಳಿ, ಹಸಿಯಾಗಿಯೇ ನಂಜಮ್ಮನ ಬೆನ್ನಿಗೆ ಒತ್ತಿ ಪ್ಲಾಸ್ಟರ್ ಹಾಕಿದೆ. ಎರಡು ದಿನದ ಮೇಲೆ ಕಿತ್ತಾಗ ಅಲ್ಲಿ ದ್ರಾಕ್ಷಿಯಷ್ಟು ದೊಡ್ಡ ಬೊಬ್ಬೆ. ನಾನು ಸಂತೋಷದಿಂದ ಡಾಕ್ಟರ ಕೋಣೆಗೆ ಓಡಿದೆ. "ಸಾರ್, ನೀವು ಹೇಳಿದ್ದೇ ಸರಿ. ಬೆಳ್ಳುಳ್ಳಿನೇ."

ಅವರು ಬಂದು ನೋಡಿದರು. ಬೊಬ್ಬೆಗೆ ಮುಲಾಮು ಹಚ್ಚಿ ಬಟ್ಟೆ ಕಟ್ಟಿಸಿ ನಂಜಮ್ಮನನ್ನು ಕಳಿಸಿದ ಮೇಲೆ, "ಆ ಬೆಳ್ಳುಳ್ಳಿ ಇನ್ನೂ ಇದೆಯಾ? ತನ್ನಿ" ಎಂದರು. ತಂದುಕೊಟ್ಟೆ. ಅವರು ಅಂಗಿಯ ತೋಳು ಮಡಚಿ, "ಒಂದು ಎಸಳು ನನಗೆ ಅಂಟಿಸಿ. ಒಂದು ನಿಮಗೆ" ಎಂದರು.

ಮರುದಿನ ಬೆಳಗ್ಗೆ ನನ್ನ ಮುಂಗೈ ಮೇಲೆ ಬೊಬ್ಬೆ ಎದ್ದಿತ್ತು. ಡಾಕ್ಟರು ತಮ್ಮ ತೋಳನ್ನು ನನ್ನ ತೋಳಿನ ಪಕ್ಕಕ್ಕೆ ಹಿಡಿದರು. ಅವರದ್ದು ನನ್ನದಕ್ಕಿಂತ ದೊಡ್ಡದಿತ್ತು.

"ಈಗ ನಮ್ಮಿಬ್ಬರಿಗೂ ಬೆಳ್ಳುಳ್ಳಿ ಅಲರ್ಜಿನಾ ಸಿಸ್ಟರ್?"

"ಇಲ್ಲ ಸಾರ್."

"ಹಸಿ ಬೆಳ್ಳುಳ್ಳಿ ಕಟ್ಟಿಟ್ರೆ ಯಾರ ಚರ್ಮ ಆದ್ರೂ ಸುಡುತ್ತೆ. ಅದು ಸುಟ್ಟ ಗಾಯ. ಎಲ್ಲರಿಗೂ ಆಗೋದು ಬೇರೆ, ಅವರಿಗೆ ಮಾತ್ರ ಆಗೋದು ಬೇರೆ. ನಾವು ಹುಡುಕ್ತಿರೋದು ಎರಡನೇದು. ಹೋಗಿ ಆ ಅಮ್ಮನಿಗೆ ನೀವೇ ಹೇಳಿ ಬನ್ನಿ."

ಹಾಸ್ಟೆಲಿನ ಅಡುಗೆಮನೆಗೆ ಹೋಗಿ ನಿಂತೆ. ನನ್ನ ತಪ್ಪಿನಿಂದ ನಿಮ್ಮ ಬೆನ್ನು ಸುಟ್ಟಿತು ಎಂದು ಹೇಳಿ, ನನ್ನ ಕೈ ತೋರಿಸಿದೆ. ನಂಜಮ್ಮ ಸೌಟು ಕೆಳಗಿಟ್ಟು ನನ್ನ ಬೊಬ್ಬೆಯನ್ನು ನೋಡಿ, "ಅಯ್ಯೋ, ನಿಂಗೂ ಆಯ್ತಾ ಮಗ? ಹೋಗ್ಲಿ ಬಿಡು. ಒಗ್ಗರಣೆ ಸಿಡಿದ್ರೆ ಇದಕ್ಕಿಂತ ಜಾಸ್ತಿ ಸುಡುತ್ತೆ. ಕೂತ್ಕೊ, ಮುದ್ದೆ ಉಂಡು ಹೋಗು" ಎಂದರು. ಅಂದು ಉಂಡ ಸೊಪ್ಪಿನ ಸಾರಿಗೆ ಬೆಳ್ಳುಳ್ಳಿ ಒಗ್ಗರಣೆ ಭರ್ಜರಿಯಾಗಿತ್ತು.

ಗಾಯ ಮಾಗಿದ ಮೇಲೆ ಬೆಳ್ಳುಳ್ಳಿಯನ್ನು ಎಣ್ಣೆಯಲ್ಲಿ ತೀರಾ ತೆಳುವಾಗಿ ಬೆರೆಸಿ ಮೂವರಿಗೂ ಹಾಕಿದೆವು. ನನಗೂ ಡಾಕ್ಟರಿಗೂ ಏನೂ ಆಗಲಿಲ್ಲ. ನಂಜಮ್ಮನಿಗೆ ಕೆಂಪಗೆ ಉಬ್ಬಿತು. ಈಗ ಅದು ಉತ್ತರ. ಸಾಮಾನ್ಯ ಗ್ಲೌಸಿನೊಳಗೂ ಬೆಳ್ಳುಳ್ಳಿಯ ರಸದ ಅಂಶ ಇಳಿಯುತ್ತದೆ, ಬೇರೆಯವರು ಬಿಡಿಸುವುದೇ ದಾರಿ ಎಂದು ಡಾಕ್ಟರು ಹೇಳಿದರು. ನಂಜಮ್ಮ ಹಾಸ್ಟೆಲಿಗೆ ಹೋಗಿ, ಬೆಳ್ಳುಳ್ಳಿ ಬಿಡಿಸದವರಿಗೆ ಸಾರಿಲ್ಲ ಎಂದು ಸಾರಿಬಿಟ್ಟರಂತೆ. ಕಾನೂನು ಓದುವವರು, ಇಂಜಿನಿಯರಿಂಗ್ ಓದುವವರು, ಎಲ್ಲರೂ ತಟ್ಟೆ ಹಿಡಿಯುವ ಮೊದಲು ತಲಾ ನಾಲ್ಕು ಎಸಳು ಬಿಡಿಸತೊಡಗಿದರು. ಎರಡು ತಿಂಗಳಲ್ಲಿ ಬೆರಳಿನ ಬಿರುಕು ಕೂಡಿಕೊಂಡಿತು. ಬೆನ್ನಿನ ಕಲೆ ಮಾತ್ರ ಉಳಿಯಿತು. ಹೊಸಬರಿಗೆ ಹೇಳುವುದಿಷ್ಟೇ: ಗೊತ್ತಿಲ್ಲದಿದ್ದರೆ ಕೇಳಿ. ಕೇಳುವ ನಾಚಿಕೆ ಒಂದು ನಿಮಿಷದ್ದು.

ನಮ್ಮ ಕೆಲಸದಲ್ಲಿ ಅತಿ ಕಷ್ಟದ ಭಾಗ ಯಾವುದೆಂದರೆ, ಬೆಂಗಳೂರಿನ ಹಳೆಯ ಬಡಾವಣೆಗಳ ಜನಕ್ಕೆ ಎರಡು ದಿನ ಸ್ನಾನ ಮಾಡಬೇಡಿ ಎಂದು ಹೇಳುವುದು. ಪಟ್ಟಿ ನೆನೆದರೆ ಟೆಸ್ಟ್ ಕೆಟ್ಟಂತೆಯೇ. ಏಕಾದಶಿ, ಸಂಕಷ್ಟಿ, ಯುಗಾದಿಯ ಎಣ್ಣೆಸ್ನಾನ, ಮನೆಯ ಶ್ರಾದ್ಧ-ವೈದಿಕ, ಎಲ್ಲ ತಪ್ಪಿಸಿ ದಿನ ಕೊಡಬೇಕು. ನನ್ನ ಮೇಜಿನ ಮೇಲೆ ಯಾವಾಗಲೂ ಒಂದು ಪಂಚಾಂಗ ಇರುತ್ತಿತ್ತು. ದೊಡ್ಡ ಆಸ್ಪತ್ರೆಯಿಂದ ತಪಾಸಣೆಗೆ ಬಂದವರೊಬ್ಬರು ಅದನ್ನು ನೋಡಿ, ಇದು ಆಸ್ಪತ್ರೆಯೋ ಮಠವೋ ಎಂದು ಕೇಳಿದ್ದರು.

ಹಾಗಿರುವಾಗ ಎನ್.ಆರ್. ಕಾಲೋನಿಯಿಂದ ಲಕ್ಷ್ಮೀದೇವಮ್ಮ ಎಂಬ ಹಿರಿಯರು ಬಂದರು. ಜೊತೆಗೆ ಅವರ ಯಜಮಾನರು, ನಿವೃತ್ತ ಗಣಿತದ ಮೇಷ್ಟ್ರು. ಎಲ್ಲರೂ ಅವರನ್ನು ರಾಯರು ಎನ್ನುತ್ತಿದ್ದರು. ಆಕೆಯ ಕೆನ್ನೆ, ಕತ್ತು, ಪಾದ, ಎಲ್ಲ ಕಡೆ ಕಪ್ಪಗಾಗಿ ತುರಿಕೆ. ದಿನವೂ ಮಿಂದು ಅರಿಶಿನ ಹಚ್ಚಿಕೊಳ್ಳುವ ಜಾಗಗಳವು. ಅರಿಶಿನ ಟೆಸ್ಟ್ ಎಂದಾಗ ಆಕೆಯ ಮುಖ ಸಪ್ಪಗಾಯಿತು. ಎರಡು ದಿನ ಸ್ನಾನ ಇಲ್ಲ ಎಂದಾಗ ಇನ್ನೂ ಸಪ್ಪಗಾಯಿತು. ಆಕೆ ಮಡಿಯಲ್ಲಿ ಅಡುಗೆ ಮಾಡುವವರು.

ಬೆನ್ನು ಒರೆಸುತ್ತಿದ್ದಾಗ ಕೇಳಿದರು, "ನಿಮ್ಮದು ಯಾವ ಪೈಕಿನಮ್ಮ?"

ಆ ಪ್ರಶ್ನೆ ನನಗೆ ಹೊಸದಲ್ಲ. ಸುಳ್ಳು ಹೇಳುವ ಅಭ್ಯಾಸ ನಮ್ಮಪ್ಪ ನಮಗೆ ಕಲಿಸಲಿಲ್ಲ. "ಚಾಮರಾಜಪೇಟೆ ಅಮ್ಮ. ನಮ್ಮ ಮನೇಲಿ ಬುದ್ಧನ ಫೋಟೋ ಇಟ್ಟಿದೀವಿ. ಅಂಬೇಡ್ಕರ್ ಅವರ ಫೋಟೋನೂ ಇದೆ," ಎಂದೆ.

ಆಕೆಗೆ ಅರ್ಥವಾಯಿತು. ನನ್ನ ಕೈಕೆಳಗೆ ಆ ಬೆನ್ನು ಬಿಗಿಯಾದದ್ದು ನನಗೂ ಗೊತ್ತಾಯಿತು. ನಾನು ಮುಟ್ಟಿದ ಮೈಯನ್ನು ಆಕೆ ಎರಡು ದಿನ ತೊಳೆಯುವಂತಿಲ್ಲ. ಬೇಡ ಎಂದು ಎದ್ದು ಹೋಗಬಹುದು ಎಂದುಕೊಂಡೆ. ಆಕೆ ಎದ್ದೇಳಲಿಲ್ಲ. ನಾನು ಹತ್ತು ಪಟ್ಟಿ ಅಂಟಿಸಿ ರವಿಕೆ ಸರಿಮಾಡಿ ಕಳಿಸಿದೆ. ಆ ಎರಡು ದಿನ ನನಗೆ ನೆಮ್ಮದಿ ಇರಲಿಲ್ಲ. ಮನೆಗೆ ಹೋದವರೇ ತಲೆಯ ಮೇಲೆ ನೀರು ಸುರಿದುಕೊಂಡಿರುತ್ತಾರೆ ಎಂದೇ ನಂಬಿದ್ದೆ.

ಮೂರನೆಯ ದಿನ ಬಂದರು. ಹತ್ತು ಪಟ್ಟಿಗಳೂ ಹಾಕಿದಂತೆಯೇ ಇದ್ದವು. ಒಂದರ ಅಂಚೂ ಎದ್ದಿರಲಿಲ್ಲ. "ಎರಡು ದಿನ ಅಡುಗೆಮನೆಗೆ ಕಾಲಿಡಲಿಲ್ಲ," ಎಂದರು ಆಕೆ.

"ನಾನೇ ಮಾಡಿದೆ," ಎಂದರು ರಾಯರು. "ಐದು ಹೊತ್ತೂ ಉಪ್ಪಿಟ್ಟು."

ಅರಿಶಿನದ ಟೆಸ್ಟ್ ಓದುವುದು ಸುಲಭವಲ್ಲ. ಹಳದಿ ಬಣ್ಣ ಚರ್ಮಕ್ಕೆ ಹಿಡಿದು ಕೆಂಪು ಕಾಣುವುದೇ ಇಲ್ಲ. ಶೇಷಗಿರಿ ಡಾಕ್ಟರು ನನಗೆ ಕಲಿಸಿದ್ದು: "ಕಣ್ಣಲ್ಲಿ ನೋಡ್ಬೇಡಿ, ಬೆರಳಲ್ಲಿ ನೋಡಿ." ನಾನು ಒಂದೊಂದೇ ಜಾಗದ ಮೇಲೆ ಬೆರಳು ಆಡಿಸಿದೆ. ಒಂಬತ್ತು ಕಡೆ ನುಣುಪು. ಅರಿಶಿನದ ಕಡೆ ರವೆಯಂತೆ ಸಣ್ಣ ಗುಳ್ಳೆಗಳು. ಇನ್ನೆರಡು ದಿನ ಬಿಟ್ಟು ನೋಡಿದಾಗ ಅದು ಇನ್ನೂ ಗಟ್ಟಿಯಾಗಿತ್ತು.

ಡಾಕ್ಟರು, ಮೈಗೆ ಅರಿಶಿನ ಹಚ್ಚುವುದನ್ನು ಬಿಡಬೇಕು ಎಂದರು. ಲಕ್ಷ್ಮೀದೇವಮ್ಮನ ಕಣ್ಣಲ್ಲಿ ನೀರು ಬಂತು. "ಮುತ್ತೈದೆ ಅರಿಶಿನ ಬಿಡೋದು ಅಂದ್ರೆ ಹ್ಯಾಗೆ ಡಾಕ್ಟ್ರೇ? ಇವರಿಗೆ ಏನಾದ್ರೂ ಆದ್ರೆ?"

ರಾಯರು ಕುರ್ಚಿಯಿಂದಲೇ ಹೇಳಿದರು, "ನೀನು ಅರಿಶಿನ ಬಿಟ್ರೆ ನಾನೇನೂ ಸಾಯಲ್ಲ ಕಣೆ. ಇನ್ನೆರಡು ದಿನ ನನ್ನ ಉಪ್ಪಿಟ್ಟು ನಾನೇ ತಿಂದ್ರೆ ಹೇಳೋಕಾಗಲ್ಲ."

ಆಕೆ ಅಳುತ್ತಲೇ ನಕ್ಕರು. ಕೊನೆಗೆ ಬಾಗಿಲ ಹೊಸ್ತಿಲಿಗೆ, ದೇವರಿಗೆ, ತಾಳಿಯ ತುದಿಗೆ ಅರಿಶಿನ ಎಂದೂ, ಮೈಗೆ ಬೇಡ ಎಂದೂ ಒಪ್ಪಂದವಾಯಿತು. ಹೊರಡುವಾಗ ನನ್ನ ಮೇಜಿನ ಬಳಿ ನಿಂತರು. "ಎರಡು ದಿನ ಯೋಚನೆ ಮಾಡ್ದೆ ಕಣಮ್ಮ," ಎಂದರು ಮೆಲ್ಲಗೆ. "ನಿಮ್ಮ ಕೈ ಮುಟ್ಟಿದ ಕಡೆ ನಂಗೆ ಏನೂ ಆಗಿಲ್ಲ. ಮದುವೆ ಆದಾಗಿಂದ ಹಚ್ಕೊಂಡ ಅರಿಶಿನವೇ ಕಚ್ತು." ಅವರು ನನ್ನ ಕೈ ಹಿಡಿದು ಒಮ್ಮೆ ಒತ್ತಿ ಬಿಟ್ಟರು. ಎರಡು ವಾರದ ಮೇಲೆ ಮುಲಾಮಿಗೆ ಬಂದಾಗ ಕೋಡುಬಳೆ ಡಬ್ಬಿ ತಂದುಕೊಟ್ಟರು. ತಾವೇ ಮಾಡಿದ್ದು ಎಂದು ಎರಡು ಸಲ ಹೇಳಿದರು, ರಾಯರದ್ದಲ್ಲ ಎಂದು ನನಗೆ ಖಾತ್ರಿಯಾಗಲಿ ಎಂದಿರಬೇಕು.

ಇನ್ನು ಶ್ರೀಕಂಠಯ್ಯನವರ ವಿಷಯ. ಮಲ್ಲೇಶ್ವರದಲ್ಲಿ ಪಿಟೀಲು ಕಲಿಸುತ್ತಿದ್ದರು. ಕಣ್ಣಿನ ರೆಪ್ಪೆ ಊದಿ, ಕತ್ತು ಕೆಂಪಾಗಿ, ಬಲಗೈ ಬೆರಳು ಸಿಪ್ಪೆ ಏಳುತ್ತಿತ್ತು. ಪಿಟೀಲು ಹಿಡಿದರೆ ಹೆಚ್ಚು, ಬಿಟ್ಟರೆ ಕಡಿಮೆ. ಕಛೇರಿಗಳನ್ನೆಲ್ಲ ಬಿಟ್ಟುಕೊಟ್ಟಿದ್ದರು. "ನಲವತ್ತು ವರ್ಷದ ವಾದ್ಯ ಸಿಸ್ಟರ್. ಅದೇ ನನ್ನ ಬೇಡ ಅಂತಿದೆ," ಎಂದರು. ನಗುತ್ತ ಹೇಳಿದರು, ಆದರೆ ನನಗೆ ನಗು ಬರಲಿಲ್ಲ.

ಪಿಟೀಲಿನ ಮರ, ಅದರ ಮೆರುಗು, ತಂತಿ, ವಿಭೂತಿ, ಗಂಧ, ತಲೆಯ ಎಣ್ಣೆ, ಎಲ್ಲ ಹಾಕಿದೆವು. ಕಿತ್ತು ನೋಡಿದರೆ ಯಾವುದರ ಕೆಳಗೂ ಏನೂ ಇಲ್ಲ. ಬೆನ್ನಿನ ಮೇಲೆ ಮಾತ್ರ ಪ್ಲಾಸ್ಟರಿನ ಉದ್ದಗಲಕ್ಕೆ ಕೆಂಪು ಪಟ್ಟೆಗಳು. ಜೋರಾಗಿ ಎಳೆದು ಕಿತ್ತೆನೇನೋ ಎಂದು ನನಗೆ ಕಸಿವಿಸಿ. ಮುಂದಿನ ತಿಂಗಳು ಮತ್ತೆ ಹಾಕಿ, ಮಗುವಿನ ಮೈಯಿಂದ ಕೀಳುವಂತೆ ನಿಧಾನಕ್ಕೆ ಕಿತ್ತೆ. ಮತ್ತೆ ಅದೇ ಪಟ್ಟೆಗಳು. ಆ ದಿನ ಬಂದ ಬೇರೆ ಯಾರ ಬೆನ್ನಿನಲ್ಲೂ ಅವು ಇರಲಿಲ್ಲ.

ಬೆಳ್ಳುಳ್ಳಿಯ ಪಾಠ ನೆನಪಾಯಿತು: ಎಲ್ಲರಿಗೂ ಆಗುವುದು ಬೇರೆ, ಅವರಿಗೆ ಮಾತ್ರ ಆಗುವುದು ಬೇರೆ. ಡಾಕ್ಟರ ಬಳಿ ಹೋಗಿ, "ಸಾರ್, ನಾವು ಇಟ್ಟ ಸಾಮಾನಿನ ಕೆಳಗೆ ಏನೂ ಇಲ್ಲ. ಅಂಟಿಸಿದ ಪ್ಲಾಸ್ಟರಿನ ಕೆಳಗೇ ಎದ್ದಿದೆ. ಇದರ ಗೋಂದಿನಲ್ಲಿ ಏನಿರುತ್ತೆ?" ಎಂದು ಕೇಳಿದೆ. ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. ಆಮೇಲೆ ಕಪಾಟಿನಿಂದ ಒಂದು ದಪ್ಪ ಪುಸ್ತಕ ತೆಗೆದು ಹತ್ತು ನಿಮಿಷ ಓದಿದರು. ಆಗಿನ ಪ್ಲಾಸ್ಟರುಗಳ ಗೋಂದಿಗೆ ಪೈನ್ ಮರದ ರಾಳ ಸೇರಿಸುತ್ತಿದ್ದರು.

ಶ್ರೀಕಂಠಯ್ಯನವರು ಹೊರಗೆ ಬೆಂಚಿನ ಮೇಲೆ ಅಂಗಿ ಗುಂಡಿ ಹಾಕಿಕೊಳ್ಳುತ್ತಿದ್ದರು. ನಾನು ಹೋಗಿ ಕೇಳಿದೆ, "ಸಾರ್, ನೀವು ರಾಳ ಏನಾದ್ರೂ ಮುಟ್ತೀರಾ? ಮರದ ರಾಳ?"

"ಮುಟ್ಟದೆ?" ಎಂದರು. "ಕಮಾನಿಗೆ ಉಜ್ಜೋದೇ ಅದು. ಅದಿಲ್ಲದಿದ್ರೆ ಪಿಟೀಲು ಬಾಯೇ ಬಿಡಲ್ಲ." ಜೇಬಿನಿಂದ ಬಟ್ಟೆಯ ಚೂರು ತೆಗೆದು ಬಿಚ್ಚಿದರು. ಒಳಗೆ ಜೇನಿನ ಬಣ್ಣದ ಗಟ್ಟಿ. ಕೇಳಿದಾಗಲೆಲ್ಲ ಅವರು ಪಿಟೀಲು ಮುಟ್ಟುತ್ತೇನೆ ಎಂದಷ್ಟೇ ಬರೆಸಿದ್ದರು. ರಾಳ ಅವರಿಗೆ ಪಿಟೀಲಿನಿಂದ ಬೇರೆಯಾದ ವಸ್ತುವೇ ಆಗಿರಲಿಲ್ಲ. ಬಾರಿಸುವಾಗ ಅದರ ಬಿಳಿ ಪುಡಿ ಎದ್ದು ರೆಪ್ಪೆ, ಕತ್ತುಗಳ ಮೇಲೆ ಕೂರುತ್ತಿತ್ತು.

ಬೇರೆ ಬೇರೆ ಕಡೆಯ ರಾಳ ತರಿಸಿ, ರಾಳವಿಲ್ಲದ ಬೇರೆ ಪಟ್ಟಿಯಿಂದ ಅವರ ಬೆನ್ನಿಗೆ ಹಾಕಿ ನೋಡಿದೆವು. ಒಂದು ಬಗೆ ಮಾತ್ರ ಅವರಿಗೆ ಒಗ್ಗಿತು. ಕಮಾನಿಗೆ ಅದನ್ನು ಉಜ್ಜುವ ಕೆಲಸ ಅವರ ಹೆಂಡತಿಯದ್ದಾಯಿತು. ಪ್ರತಿ ಸಲ ಬಾರಿಸಿದ ಮೇಲೆ ಪಿಟೀಲನ್ನು ಒರೆಸಿ, ಮುಖ ತೊಳೆಯುವುದು ಅವರ ನಿಯಮವಾಯಿತು. ಮುಂದಿನ ರಾಮನವಮಿಗೆ ಮಲ್ಲೇಶ್ವರದ ಒಂದು ಸಣ್ಣ ಸಭೆಯಲ್ಲಿ ಅವರ ಕಛೇರಿ. ಡಾಕ್ಟರೂ ನಾನೂ ಹೋಗಿ ಮುಂದಿನ ಸಾಲಿನಲ್ಲಿ ಕೂತೆವು. ಡಾಕ್ಟರಿಗೆ ಸಂಗೀತ ಅಷ್ಟಕ್ಕಷ್ಟೇ. ಎರಡು ಗಂಟೆ ಅವರು ಶ್ರೀಕಂಠಯ್ಯನವರ ರೆಪ್ಪೆಯನ್ನೇ ನೋಡುತ್ತಿದ್ದರು. ಮಂಗಳ ಮುಗಿದ ಮೇಲೆ ಪಾನಕದ ಲೋಟ ಹಿಡಿದು ನನ್ನ ಕಿವಿಯಲ್ಲಿ, "ಚೆನ್ನಾಗಿತ್ತು ಸಿಸ್ಟರ್. ಸ್ವಲ್ಪಾನೂ ಊದಿಲ್ಲ" ಎಂದರು.

ಎಲ್ಲವೂ ಹೀಗೆ ನೇರವಾಗಿ ಮುಗಿಯಲಿಲ್ಲ. ಹನುಮಂತನಗರದ ಒಬ್ಬ ನಿವೃತ್ತ ಬ್ಯಾಂಕ್ ಅಧಿಕಾರಿಗೆ ಪಾರ್ಥೇನಿಯಂ ಆಗುತ್ತಿರಲಿಲ್ಲ. ನಮ್ಮ ಜನ ಕಾಂಗ್ರೆಸ್ ಗಿಡ ಎನ್ನುವ, ಖಾಲಿ ಸೈಟುಗಳಲ್ಲೆಲ್ಲ ಬಿಳಿ ಹೂ ಬಿಡುವ ಕಳೆ ಅದು. ಗಾಳಿಯಲ್ಲಿ ಅದರ ಪುಡಿ ಬಂದು ಕೂತರೂ ಮುಖ ದಪ್ಪಗಾಗುತ್ತದೆ. ಆ ಕಡೆ ವಾಕಿಂಗ್ ಹೋಗಬೇಡಿ ಎಂದೆವು. ಅವರು ವಾಕಿಂಗ್ ಗೆಳೆಯರನ್ನೆಲ್ಲ ಸೇರಿಸಿ ಒಂದು ಭಾನುವಾರ ಇಡೀ ಸೈಟಿನ ಗಿಡಗಳನ್ನು ಬರಿಗೈಯಲ್ಲಿ ಕೀಳಿಸಿದರು. ತಾವು ದೂರ ನಿಂತು ಉಸ್ತುವಾರಿ ಮಾಡಿದರಂತೆ. ಬುಧವಾರ ನಮ್ಮ ಬೆಂಚಿನ ಮೇಲೆ ಅವರ ಮೂವರು ಗೆಳೆಯರು ಕೈ ಕೆರೆದುಕೊಳ್ಳುತ್ತ ಕೂತಿದ್ದರು. ಅದಾದ ಮೇಲೆ ನಾನು ಯಾರಿಗೂ 'ಹೋಗಬೇಡಿ' ಎಂದಷ್ಟೇ ಹೇಳಿ ಬಿಡಲಿಲ್ಲ. ಹೋಗದೆ ಏನು ಮಾಡುತ್ತೀರಿ ಎಂದೂ ಕೇಳುತ್ತಿದ್ದೆ.

ಶೇಷಗಿರಿ ಡಾಕ್ಟರು ನಿವೃತ್ತರಾದ ಮೇಲೆ ಅನುಪಮಾ ಡಾಕ್ಟರು ಬಂದರು. ನನಗಿಂತ ತುಂಬ ಚಿಕ್ಕವರು. ಅವರ ಜೊತೆ ಫ್ರಿಜ್ಜಿನಲ್ಲಿಡುವ ಒಂದು ಪೆಟ್ಟಿಗೆ ಬಂತು. ಸಿರಿಂಜಿನಂಥ ಸಣ್ಣ ಕೊಳವೆಗಳಲ್ಲಿ ನಿಕಲ್, ರಬ್ಬರಿನ ಅಂಶ, ಸೆಂಟಿನ ಅಂಶ, ಎಲ್ಲ ತಯಾರಾಗಿ ಬಂದವು. ಅರೆಯುವುದು, ಬೆರೆಸುವುದು ತಪ್ಪಿತು. ನಾನು ಒಳಗೊಳಗೇ ಮೂಗು ಮುರಿದೆ. ಒಂದು ಸಲ ಬಾಯಿ ಸುತ್ತ ಎದ್ದ ಗುಳ್ಳೆ ನೋಡಿ, ಇದು ಮಾವಿನ ಸೊನೆ, ಪೆಟ್ಟಿಗೆ ಬೇಡ ಎಂದು ವಾದಿಸಿದೆ. ಪೆಟ್ಟಿಗೆಯಲ್ಲಿದ್ದ ಸುವಾಸನೆಯ ಅಂಶಕ್ಕೆ ಬೆನ್ನು ಕೆಂಪಾಯಿತು. ಆ ಹೆಂಗಸಿನ ತುಟಿಯ ಬಣ್ಣ ಕಾರಣವಾಗಿತ್ತು. ನಾನು ತಪ್ಪೊಪ್ಪಿಕೊಂಡೆ. ಅನುಪಮಾ ಮೇಡಂ ನನ್ನನ್ನು ಆಡಿಕೊಳ್ಳಲಿಲ್ಲ. ಬದಲಿಗೆ, "ನಮ್ಮೂರ ಹೂವು, ಸೊಪ್ಪು ಈ ಪೆಟ್ಟಿಗೇಲಿ ಇಲ್ಲ ಸಿಸ್ಟರ್. ಅದನ್ನ ನೀವೇ ನಂಗೆ ಕಲಿಸ್ಬೇಕು" ಎಂದರು. ಅಂದಿನಿಂದ ನಮ್ಮಿಬ್ಬರ ಕೆಲಸ ಚೆನ್ನಾಗಿ ಸಾಗಿತು.

ನನ್ನ ನೌಕರಿಯ ಕೊನೆಯ ವರ್ಷ ಸರೋಜಮ್ಮ ಬಂದದ್ದು. ಗಾಂಧಿ ಬಜಾರಿನಲ್ಲಿ ಫುಟ್‌ಪಾತಿನ ಮೇಲೆ ಹೂ ಕಟ್ಟಿ ಮಾರುವಾಕೆ. ಅವಳು ಬಂದದ್ದು ತುರಿಕೆಗೆ ಅಲ್ಲ. "ಡಾಕ್ಟ್ರಮ್ಮನ ಹತ್ರ ಒಂದು ಚೀಟಿ ಬರೆಸ್ಕೊಡಿ ಅಕ್ಕ," ಎಂದಳು. "ರೇಷನ್ ಅಂಗಡೀಲಿ ಹೆಬ್ಬೆಟ್ಟು ಒತ್ತಿದ್ರೆ ಮಿಷಿನ್ ತಗೊಳ್ತಿಲ್ಲ. ನಾನು ಸರೋಜ ಅಲ್ವಂತೆ. ಮೂರು ತಿಂಗಳಿಂದ ಒದ್ದಾಡ್ತಿದೀನಿ. ಹೋದಾಗೆಲ್ಲ ಕ್ಯೂನಲ್ಲಿರೋರು ನನ್ನೇ ಕಳ್ಳಿ ಥರ ನೋಡ್ತಾರೆ."

ಅವಳ ಬೆರಳುಗಳನ್ನು ನೋಡಿದೆ. ತುದಿಗಳಲ್ಲಿ ಗೆರೆಗಳೇ ಉಳಿದಿರಲಿಲ್ಲ. ಸಿಪ್ಪೆ ಎದ್ದು, ಸೀಳಿ, ಒಣಗಿದ ಕೆರೆಯ ತಳದಂತೆ ಆಗಿತ್ತು. ಮೇಡಂ ಚೀಟಿ ಬರೆದುಕೊಟ್ಟರು, ಟೆಸ್ಟೂ ಮಾಡಿಸಿದರು. ಹೂಗಳನ್ನು ನಾನು ತಯಾರಿಸಿದೆ. ಮಲ್ಲಿಗೆ, ಕನಕಾಂಬರ, ಸುಗಂಧರಾಜ, ಯಾವುದೂ ಏನೂ ಮಾಡಲಿಲ್ಲ. ಸೇವಂತಿಗೆಗೆ ಬೆನ್ನು ಉಬ್ಬಿತು. ಸೇವಂತಿಗೆಯೂ ಆ ಕಾಂಗ್ರೆಸ್ ಗಿಡವೂ ಒಂದೇ ಬಳಗ ಎಂದರೆ ಯಾರೂ ನಂಬುವುದಿಲ್ಲ, ಆದರೆ ನಿಜ.

"ಸೇವಂತಿಗೆ ಬಿಟ್ರೆ ನನ್ ಅಂಗಡಿ ಹೆಂಗೆ ನಡೀತದೆ ಮೇಡಮ್ಮ?" ಎಂದು ಸರೋಜಮ್ಮ ಕೂತುಬಿಟ್ಟಳು. ಪಕ್ಕದಲ್ಲೇ ಅವಳ ನಾದಿನಿ ಭಾಗ್ಯ ಕೂತು ಹೂ ಕಟ್ಟುತ್ತಾಳೆಂದು ಮಾತಿನಲ್ಲಿ ತಿಳಿಯಿತು. ಸೇವಂತಿಗೆ, ಅದೇ ಬಳಗದ ಚೆಂಡುಹೂ ಭಾಗ್ಯಳಿಗೆ, ಉಳಿದದ್ದು ನಿನಗೆ ಎಂದು ಹಂಚಿಕೊಟ್ಟೆವು. ಮುಲಾಮು ಕೊಟ್ಟೆವು.

ಒಂದೂವರೆ ತಿಂಗಳಾದರೂ ಕೈ ಹಾಗೆಯೇ ಇತ್ತು. ಮೇಡಂ ಕೊಂಚ ಬಿರುಸಾಗಿಯೇ ಕೇಳಿದರು, "ಸೇವಂತಿಗೆ ಮುಟ್ತಿದೀರಿ ಅಲ್ವಾ?"

"ನಮ್ಮ ಊರ ದೇವ್ರಾಣೆ ಮುಟ್ಟಿಲ್ಲ," ಎಂದಳು ಸರೋಜಮ್ಮ. ರೇಷನ್ ಮಿಷಿನ್ನು ನಂಬಲಿಲ್ಲ, ಈಗ ನಾವೂ ನಂಬುತ್ತಿಲ್ಲ.

ನಾನು ನಂಬಿದೆ. ಮರುದಿನ ಬೆಳಗ್ಗೆ ಆರು ಗಂಟೆಗೆ ಗಾಂಧಿ ಬಜಾರಿಗೆ ಹೋಗಿ, ಕಾಫಿ ಹಿಡಿದು ಅವಳ ಎದುರಿಗೆ ಒಂದು ಅಂಗಡಿಯ ಮೆಟ್ಟಿಲ ಮೇಲೆ ಕೂತೆ. ಹೂವಿನ ಮೂಟೆ ಬಂತು. ಸೇವಂತಿಗೆಯನ್ನು ಭಾಗ್ಯಳೇ ಬಿಚ್ಚಿದಳು, ಭಾಗ್ಯಳೇ ಕಟ್ಟಿದಳು. ಸರೋಜಮ್ಮ ಆ ಬುಟ್ಟಿಯ ಕಡೆ ತಿರುಗಿಯೂ ನೋಡಲಿಲ್ಲ. ಅರ್ಧ ಗಂಟೆ ಕಳೆಯಿತು. ಆಮೇಲೆ ಅವಳು ಕೈಚಾಚಿ, ಸೇವಂತಿಗೆ ಬುಟ್ಟಿಯ ಮೇಲೆ ಹೊದಿಸಿದ್ದ ಒದ್ದೆ ಬಟ್ಟೆಯನ್ನು ತೆಗೆದು, ಎರಡೂ ಕೈಯಿಂದ ಹಿಂಡಿ, ತನ್ನ ಮಲ್ಲಿಗೆಯ ಮೇಲೆ ಹೊದಿಸಿದಳು. ಸ್ವಲ್ಪ ಹೊತ್ತಿಗೆ ಮತ್ತೆ ನೀರಲ್ಲಿ ಅದ್ದಿ, ಮತ್ತೆ ಹಿಂಡಿದಳು. ನಾನು ಕಾಫಿ ಬಿಟ್ಟು ರಸ್ತೆ ದಾಟಿದೆ.

ಬಟ್ಟೆ ಬಿಡಿಸಿ ತೋರಿಸಿದೆ. ನೂಲಿನ ಸಂದುಸಂದಿನಲ್ಲಿ ಹಳದಿ ಎಸಳಿನ ಚೂರುಗಳು, ಎಲೆಯ ಪುಡಿ. ಸರೋಜಮ್ಮ ಅದನ್ನು ನೋಡುತ್ತ ನಿಂತಳು. ಭಾಗ್ಯ, "ಹೂವ ಮುಟ್ಬೇಡ ಅಂದಿದ್ರು, ಬಟ್ಟೆ ಮುಟ್ಬೇಡ ಅನ್ನಲಿಲ್ವಲ್ಲ ಅಕ್ಕ" ಎಂದಳು. ಅವಳು ಹೇಳಿದ್ದು ಸರಿ. ಅದು ನಮ್ಮ ತಪ್ಪು. ಅಂದೇ ಮೇಡಂ ಸರೋಜಮ್ಮನಿಗೆ ಫೋನ್ ಮಾಡಿ, "ನಾನು ಹಾಗೆ ಕೇಳಬಾರದಿತ್ತು" ಎಂದರು. ಸೇವಂತಿಗೆಗೆ ಕೆಂಪು ಬಟ್ಟೆ, ಬೇರೆ ಬಕೆಟ್. ಮಲ್ಲಿಗೆಗೆ ಬಿಳಿ ಬಟ್ಟೆ. ಅಷ್ಟೇ ಬದಲಾದದ್ದು.

ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ. ಗಾಂಧಿ ಬಜಾರಿನಲ್ಲಿ ಕಾಲಿಡಲು ಜಾಗವಿರದ, ಹೂವಿನವರು ಊಟಕ್ಕೂ ಏಳದ ದಿನ ಅದು. ಹನ್ನೊಂದು ಗಂಟೆಗೆ ಸರೋಜಮ್ಮ ಆಟೋದಲ್ಲಿ ಬಂದು ಇಳಿದಳು. ಮಡಿಲಲ್ಲಿ ಇನ್ನೂ ದಾರದ ಉಂಡೆ ಇತ್ತು. ಕಾದು ಕೂತವರನ್ನೆಲ್ಲ ದಾಟಿ ನೇರವಾಗಿ ನನ್ನ ಮೇಜಿಗೆ ಬಂದು, ಬಲಗೈಯ ಹೆಬ್ಬೆರಳನ್ನು ನನ್ನ ಮುಖದ ಮುಂದೆ ಹಿಡಿದಳು. ನಾನು ಕನ್ನಡಕ ಹಾಕಿಕೊಂಡು ನೋಡಿದೆ. ಚರ್ಮ ಕೂಡಿಕೊಂಡಿತ್ತು. ಅದರ ಮೇಲೆ ಸುತ್ತುಸುತ್ತಾಗಿ ಸಣ್ಣ ಗೆರೆಗಳು ಎದ್ದಿದ್ದವು, ಹೊಸದಾಗಿ ಗೀಚಿದಂತೆ.

"ಒಂದೇ ಸಲಕ್ಕೆ ತಗೊಳ್ತು ಅಕ್ಕ," ಎಂದಳು. "ಕ್ಯೂನಲ್ಲಿ ಎಲ್ಲರ ಮುಂದೆ. ಮಿಷಿನ್ನಿನಲ್ಲಿ ನನ್ ಹೆಸ್ರು ಬಂತು."

"ಕೂತ್ಕೊ ಸರೋಜಮ್ಮ, ಮೇಡಂಗೂ ತೋರಿಸು," ಎಂದೆ.

"ನೀವೇ ಹೇಳಿ. ಹಬ್ಬದ ಯಾಪಾರ, ಭಾಗ್ಯ ಒಬ್ಳೇ ಅವ್ಳೆ," ಎಂದವಳೇ, ಕಾಯುತ್ತಿದ್ದ ಆಟೋ ಕಡೆಗೆ ಓಡಿದಳು.